ಹಿಂದೆ ಏನೂ ಇಲ್ಲದಿದ್ದರೂ ಕೂಗುತ್ತಿದ್ದ ಕಾರು: ದಾವಣಗೆರೆಯ ಒಂದು ಪಾರ್ಕಿಂಗ್ ಸೆನ್ಸರ್ ಪ್ರಕರಣ

ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ, ನಮ್ಮ ಮನೆಯಿಂದ ಮೂರನೆಯ ಮನೆಯವರ ಕಾರು ಇದು. ಅವರನ್ನು ಇಲ್ಲಿ ಕಾಕಾ ಎಂದಷ್ಟೇ ಕರೆಯುತ್ತೇನೆ. ಹೆಸರು, ಬೀದಿ, ಕಾರಿನ ಕಂಪನಿ ಯಾವುದನ್ನೂ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ದೋಷವನ್ನು ಹುಡುಕಿದ ದಾರಿ ಮತ್ತು ಆ ದಾರಿಯಲ್ಲಿ ನಾನು ಎಡವಿದ ಜಾಗ ಮಾತ್ರ ನಡೆದ ಹಾಗೆಯೇ ಇವೆ. ನಾನು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಕಾರು ರಿಪೇರಿ ನನ್ನ ವೃತ್ತಿಯಲ್ಲ.

ಹಿನ್ನೆಲೆ

ಕಾಕಾ ನಿವೃತ್ತರು, ವಯಸ್ಸು ಅರವತ್ತೈದರ ಹತ್ತಿರ. ಕತ್ತಿನ ನೋವಿನಿಂದಾಗಿ ಪೂರ್ತಿ ಹಿಂದಕ್ಕೆ ತಿರುಗಿ ನೋಡಲು ಆಗುವುದಿಲ್ಲ. ಅವರ ಮನೆಯ ಗೇಟು ಹತ್ತು ಅಡಿ ಅಗಲ. ಬೀದಿ ಕಿರಿದಾದ್ದರಿಂದ ಕಾರನ್ನು ಹಿಂದು ಮುಂದಾಗಿಯೇ ಒಳಗೆ ತರಬೇಕು. ಪೋರ್ಟಿಕೋದ ಬಲಕ್ಕೆ ಕಲ್ಲಿನ ತುಳಸಿ ಕಟ್ಟೆ, ಎಡಕ್ಕೆ ಬಟ್ಟೆ ಒಣಗಿಸುವ ಕಬ್ಬಿಣದ ಕಂಬ. ನಾಲ್ಕು ವರ್ಷದ ಮೊಮ್ಮಗಳು ಕಾರಿನ ಸದ್ದು ಕೇಳಿದ ಕೂಡಲೇ ಹೊರಗೆ ಓಡಿ ಬರುತ್ತಾಳೆ. ಇಂಥ ಮನೆಯಲ್ಲಿ ಹಿಂಬದಿಯ ಸೆನ್ಸರ್ ಅಲಂಕಾರದ ವಸ್ತುವಲ್ಲ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಗಿದೆ. ಕಾಕಾ ಅವರದು ಅದರ ಮರುವರ್ಷ ಕೊಂಡ ಕಾರು. ಬಂಪರಿನಲ್ಲಿ ಕಂಪನಿಯೇ ಕೂರಿಸಿದ ನಾಲ್ಕು ಸೆನ್ಸರ್‌ಗಳು, ಎಚ್ಚರಿಕೆಗೆ ಶಬ್ದ ಮಾತ್ರ. ಪರದೆಯೂ ಇಲ್ಲ, ಕ್ಯಾಮೆರಾವೂ ಇಲ್ಲ.

ಸೆನ್ಸರ್ ಕೆಲಸ ಮಾಡುವ ಬಗೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪ್ರತಿಯೊಂದರ ಮುಖದ ಹಿಂದೆ ಒಂದು ಪುಟ್ಟ ಪೀಜೋ ಬಿಲ್ಲೆ, ಅಂದರೆ ವಿದ್ಯುತ್ ಕೊಟ್ಟರೆ ನಡುಗುವ, ನಡುಗಿಸಿದರೆ ವಿದ್ಯುತ್ ಕೊಡುವ ಬಿಲ್ಲೆ ಇರುತ್ತದೆ. ಅದು ಸುಮಾರು 40 ಕಿಲೋಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಕಂಪನದ ಶಬ್ದವನ್ನು ಚೂರು ಚೂರಾಗಿ ಹೊರಗೆ ಎಸೆಯುತ್ತದೆ. ನಮ್ಮ ಕಿವಿಯ ಮಿತಿ 20 ಕಿಲೋಹರ್ಟ್ಸ್ ಆದ್ದರಿಂದ ಆ ಶಬ್ದ ನಮಗೆ ಕೇಳಿಸದು. ಹಿಂದಿನ ಗೋಡೆಗೆ ಬಡಿದು ಪ್ರತಿಧ್ವನಿ ಮರಳಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರ ತಿಳಿಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು 6 ಮಿಲಿಸೆಕೆಂಡ್ ಸಾಕು. ಈ ಬಿಲ್ಲೆಗೆ ಬಾಯಿಯೂ ಅದೇ, ಕಿವಿಯೂ ಅದೇ. ಕೂಗಿದ ಮೇಲೆ ದೇವಸ್ಥಾನದ ಗಂಟೆಯಂತೆ ಸ್ವಲ್ಪ ಹೊತ್ತು ನಡುಗುತ್ತಲೇ ಇರುತ್ತದೆ. ಆ ನಡುಕ ಅಡಗುವವರೆಗೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಬಿಲ್ಲೆಯ ಸುತ್ತ ಮೆತ್ತನೆಯ ಸಿಲಿಕೋನ್ ಉಂಗುರ ಇಡುವುದು ಈ ನಡುಕ ಬಂಪರಿಗೆ ಹರಿಯದಿರಲಿ ಎಂದೇ.

ಸಮಸ್ಯೆ

ಜೂನ್ ತಿಂಗಳಲ್ಲಿ ಮಂಡಿಪೇಟೆಯ ದಟ್ಟಣೆಯಲ್ಲಿ ಸ್ಕೂಟರೊಂದು ಹಿಂದಿನಿಂದ ಬಂದು ತಾಗಿತು. ಬಂಪರ್ ಗೀಚಿಕೊಂಡಿತು, ಎಡ ಮೂಲೆ ತುಸು ಒಳಸರಿಯಿತು. ಬಣ್ಣದ ಅಂಗಡಿಯವರು ಬಂಪರನ್ನು ಬಿಚ್ಚಿ, ಪುಟ್ಟಿ ಹಾಕಿ, ಬಣ್ಣ ಹೊಡೆದು ಕೂರಿಸಿ ಕೊಟ್ಟರು. ಅಂದಿನಿಂದ ರಿವರ್ಸ್ ಗೇರ್ ಹಾಕಿದರೆ ಸಾಕು, ಎಡೆಬಿಡದ ಕೂಗು. ಹಿಂದೆ ಖಾಲಿ ರಸ್ತೆಯಿದ್ದರೂ ಕೂಗು, ಹೈಸ್ಕೂಲ್ ಮೈದಾನದ ನಡುವೆ ನಿಲ್ಲಿಸಿದರೂ ಅದೇ ಕೂಗು.

ಕೆಲವು ದಿನ ಮಾತ್ರ ಕಾರು ಶಾಂತವಾಗಿರುತ್ತಿತ್ತು. ಆರಂಭದಲ್ಲಿ ಒಂದು ಉದ್ದನೆಯ ಸದ್ದು, ಆಮೇಲೆ ಪೂರ್ತಿ ಮೌನ. ಆ ದಿನಗಳಲ್ಲಿ ಕಾಕಾ ‘ಇವತ್ತು ಸರಿಯಾಗಿದೆ’ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದರು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಕಲಕುವುದು ಆ ಸಮಾಧಾನವೇ. ಕೂಗುತ್ತಿದ್ದ ದಿನ ಅವರು ಕೂಗನ್ನು ನಂಬುತ್ತಿರಲಿಲ್ಲ, ಆದ್ದರಿಂದ ಕತ್ತು ನೋಯಿಸಿಕೊಂಡಾದರೂ ತಿರುಗಿ ನೋಡುತ್ತಿದ್ದರು. ಮೌನದ ದಿನ ಮೌನವನ್ನು ನಂಬಿ ಸಲೀಸಾಗಿ ಹಿಂದಕ್ಕೆ ಬಿಡುತ್ತಿದ್ದರು.

ಆಗಸ್ಟಿನ ಒಂದು ಮಳೆಯ ಸಂಜೆ ಅಂಥ ಮೌನದಲ್ಲಿಯೇ ಮಗುವಿನ ಮೂರು ಗಾಲಿಯ ಸೈಕಲ್ ಹಿಂಗಾಲಿಗೆ ಸಿಕ್ಕಿ ಮುರಿಯಿತು. ಮಗು ಒಳಗೆ ಊಟಕ್ಕೆ ಕುಳಿತಿದ್ದಳು. ಕಾಕಾ ಆ ರಾತ್ರಿಯೇ ನಮ್ಮ ಮನೆಗೆ ಬಂದರು. “ಇದನ್ನು ಪೂರ್ತಿ ಕಿತ್ತು ಹಾಕಿಸಿಬಿಡಲೇನಮ್ಮಾ?” ಎಂದು ಕೇಳಿದರು. ಅವರ ಕೈ ಇನ್ನೂ ನಡುಗುತ್ತಿತ್ತು.

ಅಷ್ಟರಲ್ಲಿ ಅವರು ಎರಡು ಕಡೆ ವಿಚಾರಿಸಿದ್ದರು. ಸರ್ವೀಸ್ ಸೆಂಟರಿನವರು ನಾಲ್ಕೂ ಸೆನ್ಸರ್ ಬದಲಿಸಬೇಕೆಂದು 14,000 ರೂಪಾಯಿಯ ಅಂದಾಜು ಚೀಟಿ ಕೊಟ್ಟಿದ್ದರು. ಕಾರಿನ ಅಲಂಕಾರ ಸಾಮಗ್ರಿ ಮಾರುವ ಅಂಗಡಿಯವರು ಬಂಪರಿನಲ್ಲಿ ಹೊಸದಾಗಿ ನಾಲ್ಕು ತೂತು ಕೊರೆದು ಬೇರೆ ಸೆಟ್ ಕೂರಿಸುವ ಸಲಹೆ ನೀಡಿದ್ದರು. ಮೀಟರ್ ಹಿಡಿದು ಒಮ್ಮೆಯಾದರೂ ಅಳೆದವರು ಇಬ್ಬರಲ್ಲಿ ಯಾರೂ ಇರಲಿಲ್ಲ.

ಕೈಪಿಡಿ ಮತ್ತು ದಿನಚರಿ

ಮೊದಲ ಕೆಲಸವಾಗಿ ಕಾರಿನ ಕೈಪಿಡಿ ತರಿಸಿದೆ. ಅರ್ಧ ಪುಟದಲ್ಲಿ ಬೇಕಾದುದು ಸಿಕ್ಕಿತು. ಈ ಕಾರಿನಲ್ಲಿ ಬಿಡದೆ ಬರುವ ಕೂಗಿಗೆ ‘ತೀರ ಹತ್ತಿರ ಏನೋ ಇದೆ’ ಎಂದು ಅರ್ಥ. ಗೇರ್ ಹಾಕಿದೊಡನೆ ಒಂದೇ ಉದ್ದ ಸದ್ದು ಬಂದು ನಿಂತರೆ ‘ವ್ಯವಸ್ಥೆ ಕೆಟ್ಟಿದೆ, ಇದನ್ನು ನಂಬಬೇಡಿ’ ಎಂದು ಅರ್ಥ. ಬೇರೆ ಕಾರುಗಳಲ್ಲಿ ಈ ಸಂಕೇತ ಬೇರೆಯಾಗಿರಬಹುದು, ಅವರವರ ಕೈಪಿಡಿಯನ್ನೇ ನೋಡಬೇಕು. ಇಲ್ಲಿ ಮಾತ್ರ ಎರಡು ಸದ್ದುಗಳು ಎರಡು ಬೇರೆ ಕಾಯಿಲೆಗಳನ್ನು ಹೇಳುತ್ತಿದ್ದವು. ಮೊದಲನೆಯದು ಸೆನ್ಸರಿನ ಕಿವಿಯ ಭ್ರಮೆ, ಎರಡನೆಯದು ವಿದ್ಯುತ್ತಿನ ದೋಷ. ಮೂರು ತಿಂಗಳು ಎಲ್ಲರೂ ಒಂದೇ ರೋಗಕ್ಕೆ ಮದ್ದು ಹುಡುಕಿದ್ದರು.

ಕಾಕಾ ಅವರಿಗೆ ಒಂದು ನೋಟ್‌ಪುಸ್ತಕ ಕೊಟ್ಟು ಎರಡು ವಾರ ಬರೆದಿಡಲು ಕೇಳಿಕೊಂಡೆ: ದಿನ, ಹೊತ್ತು, ಮಳೆಯೋ ಬಿಸಿಲೋ, ಕಾರು ತೊಳೆದಿದ್ದರೇ, ಯಾವ ಸದ್ದು. ಲೆಕ್ಕಪತ್ರದಲ್ಲಿ ಬದುಕು ಕಳೆದವರು, ಒಂದು ದಿನವೂ ತಪ್ಪಿಸಲಿಲ್ಲ. ಎರಡನೆಯ ವಾರದ ಹೊತ್ತಿಗೆ ಪುಟವೇ ಉತ್ತರ ಹೇಳತೊಡಗಿತು. ಒಣ ಹವೆಯ ದಿನಗಳಲ್ಲೆಲ್ಲ ಬಿಡದ ಕೂಗು. ಮಳೆ ಬಂದ ದಿನ, ಕಾರು ತೊಳೆದ ದಿನ, ಹರಿಹರಕ್ಕೆ ಹೋಗಿ ನೀರು ನಿಂತ ಗುಂಡಿ ಹಾಯ್ದು ಬಂದ ದಿನ ಉದ್ದ ಸದ್ದು, ಆಮೇಲೆ ಮೌನ. ತೇವಕ್ಕೂ ಮೌನಕ್ಕೂ ನಂಟಿದೆ ಎಂಬುದು ಖಚಿತವಾಯಿತು. ಖರ್ಚು ಒಂದು ನೋಟ್‌ಪುಸ್ತಕದ್ದು.

ಕಿವಿಗೆ ಸಿಕ್ಕಿದ್ದು

ರಿವರ್ಸ್ ದೀಪ ಉರಿಯುತ್ತಿತ್ತು, ಫ್ಯೂಸ್ ಸರಿಯಿತ್ತು. ನಾಲ್ಕೂ ಸೆನ್ಸರ್‌ಗಳ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮೂರಿನ ಧೂಳು ಎಲ್ಲಕ್ಕೂ ಹತ್ತುತ್ತದೆ, ಎಷ್ಟೋ ಕಾರುಗಳ ಸೆನ್ಸರ್ ಕಾಯಿಲೆ ಒರೆಸಿದರೆ ವಾಸಿಯಾಗುತ್ತದೆ. ಇಲ್ಲಿ ಆಗಲಿಲ್ಲ.

ಅನಂತರ ಆಲಿಸುವ ಪರೀಕ್ಷೆ. ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಆಮೇಲೆಯೇ ರಿವರ್ಸ್ ಗೇರ್. ಮಗುವನ್ನು ಅಜ್ಜಿಯ ಜೊತೆ ಒಳಗೆ ಕೂರಿಸಿದ್ದೆವು. ಎರಡು ಅಡಿಯ ಪ್ಲಾಸ್ಟಿಕ್ ಕೊಳವೆಯ ಒಂದು ತುದಿ ಸೆನ್ಸರಿನ ಮುಂದೆ, ಇನ್ನೊಂದು ನನ್ನ ಕಿವಿಯಲ್ಲಿ. ಶಬ್ದದ ಕಂಪನ ಕಿವಿಗೆ ಎಟುಕದಿದ್ದರೂ ಪ್ರತಿ ಸಲ ಬಿಲ್ಲೆ ಮಿಡಿದಾಗ ಸಣ್ಣಗೆ ‘ಟಿಕ್’ ಎನ್ನುವುದು ಕೇಳಿಸುತ್ತದೆ. ಒಣ ದಿನ ನಾಲ್ಕೂ ಟಿಕ್ ಎಂದವು. ಪೈಪಿನಿಂದ ಹಿಂಭಾಗಕ್ಕೆಲ್ಲ ನೀರು ಚಿಮುಕಿಸಿ ಮತ್ತೆ ಆಲಿಸಿದರೆ ಎಡ ಮೂಲೆಯದು ಮಾತ್ರ ಸದ್ದಡಗಿತ್ತು. ಉಳಿದ ಮೂರು ಟಿಕ್ ಎನ್ನುತ್ತಲೇ ಇದ್ದವು. ಬಿಸಿಲಿನಲ್ಲಿ ಒಂದು ಗಂಟೆ ಒಣಗಿದ ಮೇಲೆ ಎಡ ಮೂಲೆಗೂ ಜೀವ ಬಂತು.

ಬಿಡದ ಕೂಗು ಯಾವ ಸೆನ್ಸರಿನದು ಎಂದು ತಿಳಿಯಲು ಒಂದೊಂದರ ಮೇಲೂ ಸ್ಪಂಜು ಒತ್ತಿ ನೋಡಿದೆ. ಅದು ಕೆಟ್ಟ ಉಪಾಯ. ಸ್ಪಂಜೇ ಒಂದು ಅಡ್ಡಿಯಾಗಿ ಎಲ್ಲವೂ ಕೂಗಿದವು, ಅರ್ಧ ದಿನ ಹಾಳಾಯಿತು.

ನಾನು ಎಡವಿದ್ದು

ವಾರಂಟಿ ಮುಗಿದ ಕಾರು, ದೋಷ ಒಂದು ಮೂಲೆಗೆ ಸೀಮಿತ. ಬಂಪರ್ ಬಿಚ್ಚೋಣ ಎಂದು ನಿರ್ಧರಿಸಿದೆವು. ಭಾನುವಾರ ಬಿಸಿಲೇರಿದ ಮೇಲೆ ಬಿಚ್ಚಿದೆವು, ಬೆಚ್ಚಗಿದ್ದಾಗ ಪ್ಲಾಸ್ಟಿಕ್ ಕ್ಲಿಪ್ಪುಗಳು ಸುಲಭಕ್ಕೆ ಮುರಿಯುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು, ಪ್ರತಿ ಕನೆಕ್ಟರಿನ ಫೋಟೊ ತೆಗೆದು, ಟೇಪಿನ ಮೇಲೆ ಎಡದಿಂದ 1, 2, 3, 4 ಎಂದು ಬರೆದೆವು.

ಹೊಸ ಸೆನ್ಸರ್ ಕೊಳ್ಳುವ ಮೊದಲು ಜಾಗ ಬದಲಿಸಿ ನೋಡಬೇಕು. ಎಡ ಮೂಲೆಯದನ್ನು ಬಲ ಮೂಲೆಗೆ, ಬಲ ಮೂಲೆಯದನ್ನು ಎಡಕ್ಕೆ ಹಾಕಿದೆವು. ಮೂಲೆಯದಕ್ಕೂ ನಡುವಿನದಕ್ಕೂ ಸೆನ್ಸರನ್ನು ಬಂಪರಿನಲ್ಲಿ ಹಿಡಿದಿಡುವ ಹಿಡಿಕೆಯ ಓರೆ ಬೇರೆ ಇರುವುದರಿಂದ ಮೂಲೆಯದನ್ನು ಮೂಲೆಗೇ ಹಾಕಬೇಕು. ದೋಷ ಸೆನ್ಸರಿನ ಜೊತೆ ಹೋದರೆ ಕೆಟ್ಟಿದ್ದು ಸೆನ್ಸರ್, ಅಲ್ಲಿಯೇ ಉಳಿದರೆ ವೈರು ಅಥವಾ ಕನೆಕ್ಟರ್. ಆದರೆ ಬಂಪರ್ ಕಳಚಿ ಎರಡು ಸ್ಟೂಲಿನ ಮೇಲಿಟ್ಟು ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ, ನೀರು ಚಿಮುಕಿಸಿದರೂ ನಾಲ್ಕೂ ಟಿಕ್ ಎನ್ನತೊಡಗಿದವು. ಮೌನವೇ ಮಾಯವಾಗಿತ್ತು.

ಇಲ್ಲಿ ನಾನು ನಿಂತು ಯೋಚಿಸಬೇಕಿತ್ತು. ಬಂಪರ್ ಕಾರಿನ ಮೈಯಿಂದ ದೂರವಾದ ಕೂಡಲೇ ಹೋಗುವ ದೋಷ, ಬಂಪರಿಗೂ ಮೈಗೂ ನಡುವೆಯೇ ಇರಬೇಕಲ್ಲವೇ? ನಾನು ಅದರ ಬದಲು ಮಲ್ಟಿಮೀಟರ್ ಕೈಗೆತ್ತಿಕೊಂಡೆ. ಎಡ ಮೂಲೆಯ ಮೂರೂ ವೈರುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪರೀಕ್ಷಿಸಿದೆ. ಮೂರಕ್ಕೂ ಮೀಟರ್ ಕೂಗಿತು, ಅಂದರೆ ಯಾವುದೂ ತುಂಡಾಗಿಲ್ಲ. ವೈರು ಸರಿಯಿದೆ ಎಂದು ತೀರ್ಮಾನಿಸಿ, ಕನೆಕ್ಟರಿನ ಪಿನ್ನುಗಳನ್ನು ಸ್ವಚ್ಛಗೊಳಿಸಿ, ಬಂಪರ್ ಕೂರಿಸಿಬಿಟ್ಟೆ. ಮರುದಿನ ಮಳೆ. ಉದ್ದ ಸದ್ದು, ಮೌನ. ಆಲಿಸಿದರೆ ಅದೇ ಎಡ ಮೂಲೆ, ಈಗ ಅಲ್ಲಿದ್ದುದು ಬಲದಿಂದ ಬಂದ ಸೆನ್ಸರ್.

ದೋಷ ಜಾಗಕ್ಕೆ ಅಂಟಿಕೊಂಡಿದೆ, ಮೀಟರ್ ವೈರು ಸರಿಯಿದೆ ಎನ್ನುತ್ತಿದೆ. ಎರಡೂ ನಿಜವಾಗುವುದು ಹೇಗೆ? ಆ ರಾತ್ರಿ ಹೊಳೆಯಿತು: ನಾನು ಮೀಟರನ್ನು ‘ವೈರು ತುಂಡಾಗಿದೆಯೇ?’ ಎಂದು ಕೇಳಿದ್ದೆ. ‘ವೈರು ಮೈಗೆ ತಾಗುತ್ತಿದೆಯೇ?’ ಎಂದು ಕೇಳಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಬಿಚ್ಚಿದೆವು. ಈ ಸಲ ಮೀಟರಿಗೆ ಮೊದಲು ಟಾರ್ಚ್. ಎಡಗಡೆಯ ಲೋಹದ ಬ್ರಾಕೆಟ್ಟಿನ ಅಂಚಿನಲ್ಲಿ ಬೆರಳಗಲದ ಹೊಳಪು ಗುರುತಿತ್ತು. ಅದಕ್ಕೆ ಎದುರಾಗಿ ಬಂಪರಿನ ಒಳಮೈಯಲ್ಲಿ ವೈರಿನ ಕಟ್ಟು ತನ್ನ ಕ್ಲಿಪ್ಪಿನಿಂದ ಹೊರಬಿದ್ದು ಜೋತಿತ್ತು. ಕ್ಲಿಪ್ಪು ಸ್ಕೂಟರ್ ತಾಗಿದಾಗಲೇ ಮುರಿದಿತ್ತು. ಬಂಪರ್ ಮರಳಿ ಕೂರಿಸುವಾಗ ವೈರು ಅಂಚಿಗೆ ಸಿಕ್ಕಿ, ದಿನದಿನವೂ ಉಜ್ಜಿ, ಸಂಕೇತ ಸಾಗಿಸುವ ವೈರಿನ ಹೊದಿಕೆ ಹರಿದಿತ್ತು. ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು, ಆದರೆ ತುಂಡಾಗಿರಲಿಲ್ಲ. ಎರಡೂ ಬದಿಯ ಕನೆಕ್ಟರ್ ಕಳಚಿ, ಮೀಟರಿನ ಒಂದು ಮೊನೆ ಆ ವೈರಿಗೆ, ಇನ್ನೊಂದು ಬ್ರಾಕೆಟ್ಟಿಗೆ. ಒಣಗಿದ್ದಾಗ ಸಂಪರ್ಕವೇ ಇಲ್ಲ. ವೈರನ್ನು ಅಂಚಿನ ಹತ್ತಿರ ಹಿಡಿದು ಕೆಸರು ನೀರು ಚಿಮುಕಿಸಿದಾಗ ಕೆಲವೇ ಸಾವಿರ ಓಮ್. ಒತ್ತಿದಾಗ ಮೀಟರ್ ಕೂಗಿತು. ಸೆನ್ಸರಿಗೆ ‘ಮಿಡಿ’ ಎಂಬ ಅಪ್ಪಣೆ ಸಾಗಬೇಕಾದ ದಾರಿ ಮಳೆಯ ದಿನ ಕಾರಿನ ಮೈಯೊಳಗೆ ಇಂಗಿಹೋಗುತ್ತಿತ್ತು. ಅಪ್ಪಣೆಯೇ ಬಾರದ ಸೆನ್ಸರ್ ಟಿಕ್ ಎನ್ನುವುದು ಹೇಗೆ?

ಕಿಲುಬು ಹಿಡಿದ ಭಾಗವನ್ನು ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿದೆ. ಮೇಲೆ ಒಳಗಡೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ. ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದರೆ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆಯ ಪಕ್ಕದಲ್ಲಿ ವೈರು ಬಾಗಿ ಮುರಿಯುವ ಭಯವಿರುವುದರಿಂದ ಆ ಜಾಗವನ್ನು ಅಲುಗಾಡದಂತೆ ಕಟ್ಟಿ, ಕಟ್ಟಿನ ಸುತ್ತ ಸುರುಳಿ ಕೊಳವೆ ತೊಡಿಸಿ, ಹೊಸ ಕ್ಲಿಪ್ಪು ಹಾಕಿದೆವು. ಬ್ರಾಕೆಟ್ಟಿನ ಅಂಚಿಗೆ ರಬ್ಬರ್ ಪಟ್ಟಿಯನ್ನೂ ಅಂಟಿಸಿದೆವು.

ಉಳಿದ ಕೂಗು

ಬಿಡದ ಕೂಗು ಮಾತ್ರ ಹಾಗೆಯೇ ಇತ್ತು. ಕಾಕಾ ಅವರ ಮುಖ ಬಾಡಿತು. ನನಗೆ ಅದು ನಿರೀಕ್ಷಿತವೇ ಆಗಿತ್ತು. ಸ್ಟೂಲಿನ ಮೇಲಿದ್ದ ಬಂಪರನ್ನು ತೆರೆದ ಗೇಟಿನ ಕಡೆ ತಿರುಗಿಸಿ, ವೈರು ಕಳಚದೆ ಒಂದೊಂದೇ ಸೆನ್ಸರನ್ನು ಹಿಡಿಕೆಯಿಂದ ಹೊರತೆಗೆದು ಖಾಲಿ ಬೀದಿಯ ಕಡೆ ಹಿಡಿಯುತ್ತ ಹೋದೆವು. ಒಂದು, ಎರಡು, ಕೂಗು ನಿಲ್ಲಲಿಲ್ಲ. ಮೂರನೆಯದನ್ನು ಕೈಗೆತ್ತಿಕೊಂಡ ಕೂಡಲೇ ನಿಂತಿತು. ಹಿಡಿಕೆಗೆ ಮರಳಿ ತೂರಿಸಿದರೆ ಮತ್ತೆ ಕೂಗು.

ಕೈಯಲ್ಲಿ ಸರಿ, ಬಂಪರಿನಲ್ಲಿ ತಪ್ಪು. ಹಾಗಾದರೆ ಕೂರಿಸಿದ ರೀತಿಯಲ್ಲಿಯೇ ಏನೋ ಇದೆ. ಹತ್ತಿರದಿಂದ ನೋಡಿದಾಗ, ಬಣ್ಣ ಹೊಡೆಯುವಾಗ ಆ ಸೆನ್ಸರನ್ನು ತೆಗೆದಿರಲಿಲ್ಲವೆಂದು ತಿಳಿಯಿತು. ದಪ್ಪ ಬಣ್ಣ ಸಿಲಿಕೋನ್ ಉಂಗುರದ ಸಂದಿಯನ್ನು ತುಂಬಿ, ಸೆನ್ಸರಿಗೂ ಬಂಪರಿಗೂ ಗಟ್ಟಿ ಸೇತುವೆ ಕಟ್ಟಿತ್ತು. ಬಿಲ್ಲೆಯ ನಡುಕ ಬಂಪರಿಗೆ ಹರಿದು, ಅಡಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ತನ್ನದೇ ನಡುಕವನ್ನು ಅದು ತೀರ ಹತ್ತಿರದ ವಸ್ತುವಿನ ಪ್ರತಿಧ್ವನಿ ಎಂದು ತಿಳಿಯುತ್ತಿತ್ತು.

ಥಿನ್ನರ್ ಹಾಕಿದರೆ ಉಂಗುರ ಕೆಡುತ್ತದೆ, ಬ್ಲೇಡು ಆಡಿಸಿದರೆ ತೆಳುವಾದ ಮುಖ ಹಾಳಾಗುತ್ತದೆ. ಬಿದಿರಿನ ಕಡ್ಡಿಯ ಮೊನೆಯಿಂದ ಸಂದಿಯ ಬಣ್ಣವನ್ನಷ್ಟೇ ಎಬ್ಬಿಸಿ, ಮಡಿಸಿಹೋಗಿದ್ದ ಉಂಗುರವನ್ನು ನೆಟ್ಟಗೆ ಕೂರಿಸಿದೆ. ಕೂಗು ನಿಂತಿತು.

ನಾನು ಅಲ್ಲಿಗೆ ಮುಗಿಸಬಹುದಿತ್ತು. ಕಾಕಾ ಬಿಡಲಿಲ್ಲ, ಅಳೆದು ನೋಡೋಣ ಎಂದರು. ಬಂಪರ್ ಕೂರಿಸಿ, ಪೋರ್ಟಿಕೋದ ನೆಲದಲ್ಲಿ ಹತ್ತು ಹತ್ತು ಸೆಂಟಿಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದೆವು. ರಟ್ಟಿನ ಪೆಟ್ಟಿಗೆಯನ್ನು ಪ್ರತಿ ಸೆನ್ಸರಿನ ನೇರಕ್ಕೆ ದೂರದಿಂದ ಸರಿಸುತ್ತ ಬಂದರೆ ಉಳಿದ ಮೂರು 120 ಸೆಂಟಿಮೀಟರಿನ ಆಸುಪಾಸಿನಲ್ಲಿ ಎಚ್ಚರಿಸಿದವು. ಮೂರನೆಯದು 70 ಬರುವವರೆಗೆ ಸುಮ್ಮನಿತ್ತು. ಮುಖದ ಮೇಲಿನ ದಪ್ಪ ಬಣ್ಣ ಅದರ ಬಾಯಿ ಕಿವಿ ಎರಡನ್ನೂ ಮುಚ್ಚಿತ್ತು. ತುಳಸಿ ಕಟ್ಟೆ ಇರುವುದು ಆ ಬದಿಗೇ. ಕಾಕಾ ಅಲ್ಲೇ ತೀರ್ಮಾನಿಸಿ, ಅದೇ ಭಾಗಸಂಖ್ಯೆಯ ಒಂದೇ ಒಂದು ಸೆನ್ಸರನ್ನು 2,100 ರೂಪಾಯಿ ಕೊಟ್ಟು ತರಿಸಿದರು. ಬಣ್ಣದ ಅಂಗಡಿಯ ಹುಡುಗ ಹಣ ಬೇಡವೆಂದು ಹೇಳಿ, ಅದನ್ನು ಬಿಡಿಯಾಗಿ ಹಿಡಿದು, ಉಂಗುರ ತೆಗೆದಿಟ್ಟು, ತೆಳುವಾಗಿ ಬಣ್ಣ ಹೊಡೆದುಕೊಟ್ಟ. ಸೆನ್ಸರನ್ನು ಹೀಗೆ ಬಿಚ್ಚಿ ಬಣ್ಣ ಹೊಡೆಯಬೇಕೆಂದು ಅವನಿಗೆ ಈವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ದಿನವೇ ಇನ್ನೂ ಎರಡು ವಸ್ತುಗಳನ್ನು ಇಟ್ಟು ನೋಡಿದೆವು. ಬಟ್ಟೆ ಒಣಗಿಸುವ ತೆಳು ಕಂಬ 60 ಸೆಂಟಿಮೀಟರಿನವರೆಗೆ ಸೆನ್ಸರಿಗೆ ಕಾಣಲಿಲ್ಲ. ಹಾಸಿಗೆ ಹೊಲಿಸಲು ತಂದಿದ್ದ ಹತ್ತಿಯ ಮೂಟೆ 40 ಬಂದರೂ ಕಾಣಲಿಲ್ಲ. ಮೆತ್ತನೆಯದು ಶಬ್ದವನ್ನು ನುಂಗುತ್ತದೆ, ಸಣ್ಣದು ಅದನ್ನು ಚೆದುರಿಸುತ್ತದೆ. ಉಣ್ಣೆಯ ಸ್ವೆಟರ್ ತೊಟ್ಟ ಮಗು ರಟ್ಟಿನ ಪೆಟ್ಟಿಗೆಗಿಂತ ಹತ್ತಿಯ ಮೂಟೆಗೆ ಹೆಚ್ಚು ಹತ್ತಿರ. ಕಾಕಾ ಬಹಳ ಹೊತ್ತು ಆ ಮೂಟೆಯನ್ನೇ ನೋಡುತ್ತ ನಿಂತಿದ್ದರು. ಅಂದಿನಿಂದ ಗೇಟಿನ ಬಳಿ ಹಾರ್ನ್ ಹೊಡೆದು ಕಾಯುತ್ತಾರೆ. ಅಜ್ಜಿ ಹೊರಬಂದು ಮೊಮ್ಮಗಳ ಕೈ ಹಿಡಿದು ಜಗಲಿಯ ಮೇಲೆ ನಿಂತ ಮೇಲೆಯೇ ರಿವರ್ಸ್ ಗೇರ್.

ಆಮೇಲೆ

ದೀಪಾವಳಿಗೆ ಅವರು ಚಿತ್ರದುರ್ಗಕ್ಕೆ ಹೋಗಿ ಬಂದರು. ದಾರಿಯಲ್ಲಿ ಹಿಂಗಾರು ಮಳೆ ಜೋರಾಗಿ ಸಿಕ್ಕಿತಂತೆ. ಮನೆ ಮುಟ್ಟಿದ ರಾತ್ರಿ ನೋಟ್‌ಪುಸ್ತಕದಲ್ಲಿ ಬರೆದದ್ದು: ‘ಮಳೆ. ಉದ್ದ ಸದ್ದು ಇಲ್ಲ. ಕಟ್ಟೆಯ ಹತ್ತಿರ ಕೂಗಿತು.’ ಆರು ತಿಂಗಳ ನಂತರ ಎಡ ಮೂಲೆಯನ್ನು ಮತ್ತೊಮ್ಮೆ ತೆರೆದು ನೋಡಿದೆ. ಕೊಳವೆ ಬಿಗಿಯಾಗಿತ್ತು, ರಬ್ಬರ್ ಪಟ್ಟಿಯ ಮೇಲೆ ಉಜ್ಜಿದ ಗುರುತಿರಲಿಲ್ಲ.

ಕತ್ತರಿಸಿ ತೆಗೆದ ಗೇಣುದ್ದದ ವೈರು ಈಗ ನಮ್ಮ ಪ್ರಯೋಗಾಲಯದಲ್ಲಿದೆ. ಕಿಲುಬಿನ ಭಾಗ ಕಾಣದಂತೆ ಹಾಳೆ ಸುತ್ತಿ, ಮೀಟರ್ ಜೊತೆ ವಿದ್ಯಾರ್ಥಿಗಳ ಮುಂದಿಟ್ಟು ‘ಇದು ಸರಿಯಿದೆಯೇ?’ ಎಂದು ಕೇಳುತ್ತೇನೆ. ಎಲ್ಲರೂ ಎರಡು ತುದಿಗಳಿಗೆ ಮೊನೆ ಹಚ್ಚುತ್ತಾರೆ, ಮೀಟರ್ ಕೂಗುತ್ತದೆ, ಸರಿಯಿದೆ ಎಂದು ಬರೆಯುತ್ತಾರೆ. ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೀಟರ್ ಮುಟ್ಟುವ ಮೊದಲು ತಲೆಯೆತ್ತಿ, “ಮೇಡಂ, ಕಾರಿನಲ್ಲಿದ್ದಾಗ ಇದು ಯಾವುದಕ್ಕೆ ತಾಗಿಕೊಂಡಿತ್ತು?” ಎಂದು ಕೇಳಿದಳು.